ಬ್ರಾಕೆಟ್ಟಿನ ಹಿಂದೆ ಬಿದ್ದವನು

ಮದುವೆಯಾಗಿ ಬಂದಾಗಿನಿಂದ ದೋಣಿಯವನ ಹೆಂಡತಿಗೆ ಸವತಿಯೆಂದರೆ ದೋಣಿಯ ಹಿಂಬದಿಯಲ್ಲಿ ಮೋಟಾರು ಹೊತ್ತು ನಿಂತಿರುವ ಆ ಪೆಟ್ಟಿಗೆಯಂಥ ಟೊಳ್ಳು ಅಲ್ಯೂಮಿನಿಯಂ ಬ್ರಾಕೆಟ್ಟು. ಅದರೊಳಗೆ ಒಂದು ಲೋಟ ನೀರು ಕಂಡರೂ ಸಾಕು, ಗಂಡನಿಗೆ ಊಟ ಸೇರದು. ದೋಣಿಯನ್ನು ದಡಕ್ಕೆಳೆದು, ಮೋಟಾರು ಇಳಿಸಿ, ಬೆಸುಗೆಯ ಉದ್ದಕ್ಕೂ, ಅದನ್ನು ದೋಣಿಗೆ ಬಿಗಿದ ಬೋಲ್ಟುಗಳ ಸುತ್ತಲೂ ಸೋಪಿನ ನೀರು ಬಳಿದು, ಸೈಕಲ್ ಪಂಪಿನಿಂದ ಒಳಗೆ ಗಾಳಿ ತುಂಬಿ, ಎಲ್ಲಿ ಗುಳ್ಳೆ ಏಳುತ್ತದೋ ಎಂದು ಮೂಗು ತಾಗಿಸಿ ಕೂರುತ್ತಾನೆ. "ಸಿಕ್ತು ಕಣೇ, ಈ ಬೋಲ್ಟೇ ಕಳ್ಳ" ಎನ್ನುತ್ತಾನೆ. ಮುಂದಿನ ವಾರ ಕಳ್ಳ ಇನ್ನೊಂದು ಬೋಲ್ಟು. ಅವಳ ಪಾತ್ರೆ ತಿಕ್ಕುವ ಬ್ರಷ್ಷು, ಸೋಪಿನ ಪುಡಿ, ಒಳ್ಳೆಯ ಟವೆಲು ಎಲ್ಲವೂ ಬ್ರಾಕೆಟ್ಟಿನ ಪಾಲು. ಅಡುಗೆಮನೆಯ ನಲ್ಲಿ ಮಾತ್ರ ವರ್ಷದಿಂದ ತೊಟ್ಟಿಕ್ಕುತ್ತಿದೆ; ಕೇಳಿದರೆ, "ಅಡುಗೆಮನೆ ಮುಳುಗುತ್ತೇನೇ?" ಎನ್ನುತ್ತಾನೆ. ಮೊನ್ನೆ ಆಚೆ ದಡದ ತಂಗಿಯ ಮನೆಗೆಂದು ಅವಳು ಹೊಸ ಬಟ್ಟೆ ತೊಟ್ಟು ಬಂದರೆ, ಬೋಲ್ಟುಗಳೆಲ್ಲ ಬಿಚ್ಚಿಕೊಂಡು ಗೋಣಿಚೀಲದ ಮೇಲೆ ಬಿದ್ದಿದ್ದವು. ಈತ ತೂತುಗಳಿಗೆ ನೀರು ತಡೆಯುವ ಸೀಲೆಂಟು ಮೆತ್ತುತ್ತಿದ್ದ. ಅವಳ ತಾಳ್ಮೆಯ ಕಟ್ಟೆಯೊಡೆಯಿತು. "ನಿನ್ನೆ ಇದೇ ದೋಣೀಲಿ ಮೀನಿಗೆ ಹೋಗಿ ಬಂದ್ರಲ್ಲ? ನಾನು ಹೊರಟಾಗ್ಲೇ ನಿಮಗೆ ತೂತು ಕಾಣೋದಾ?" ಅವನು ತಲೆಯೆತ್ತಲಿಲ್ಲ. "ನಿನ್ನೆ ನಾನೊಬ್ನೇ ಇದ್ದೆ. ನನಗೆ ಈಜು ಬರುತ್ತೆ. ನಿನಗೆ ಬರಲ್ವಲ್ಲ." ಅವಳು ಕೈಚೀಲ ಕೆಳಗಿಟ್ಟು, ತೋಳಿನ ಬಟ್ಟೆ ಮಡಚಿ, ದೋಣಿಯೊಳಕ್ಕೆ ಇಳಿದು, ಅವನು ಹೊರಗಿನಿಂದ ತೂರಿಸಿದ ಬೋಲ್ಟಿನ ಒಳತುದಿಯನ್ನು ಸ್ಪ್ಯಾನರಿನಲ್ಲಿ ಹಿಡಿದಳು. "ಹ್ಞೂಂ, ಸರಿಯಾಗಿ ಬಿಗೀರಿ" ಎಂದಳು, ಇನ್ನೂ ಸಿಟ್ಟಿನಲ್ಲೇ.