ಮುನ್ನೂರ ಹನ್ನೊಂದನೆಯ ಹೆಸರು

ವಯನಾಡಿನ ಮುಳ್ಳನ್ಕೊಲ್ಲಿಯ ಮಾದಮ್ಮ ಗಂಡನ ಹೆಸರು ಹೇಳುತ್ತಿರಲಿಲ್ಲ. ಗುಂಡ್ಲುಪೇಟೆ ಕಡೆಯಿಂದ ಬಂದು ನೆಲೆಸಿದ ಹೆಂಗಸರು ಯಾರೂ ಹೇಳುತ್ತಿರಲಿಲ್ಲ, ಅದರಲ್ಲೇನೂ ವಿಶೇಷವಿಲ್ಲ. ವಿಶೇಷವೆಂದರೆ, ೧೯೭೦ರಲ್ಲಿ ಗಂಡ ಕಾಡು ಸೇರಿದ ಮೇಲೆ ಊರಿನವರೂ ಆ ಹೆಸರನ್ನು ಬಿಟ್ಟುಬಿಟ್ಟರು. ನಕ್ಸಲರ ಜೊತೆ ಹೋದವನ ಹೆಸರು ಬಾಯಿಗೆ ಬಂದರೆ ಪೊಲೀಸರು ಬಾಗಿಲಿಗೆ ಬರುತ್ತಿದ್ದ ಕಾಲ ಅದು. ಚಹಾದಂಗಡಿಯಲ್ಲಿ ಮಾತು ಬಂದರೆ 'ಆ ಮನುಷ್ಯ' ಎನ್ನುತ್ತಿದ್ದರು, ಅಷ್ಟೆ. ನಕ್ಕರೆ ಆಚೆ ತೋಟಕ್ಕೆ ಕೇಳಿಸುತ್ತಿದ್ದ ಗುರುಮಲ್ಲಪ್ಪ ಹೀಗೆ ಹೆಸರೇ ಇಲ್ಲದವನಾದ.

ಅವನು ಮೊದಲು ಕಮ್ಯುನಿಸ್ಟ್ ಪಾರ್ಟಿಯಲ್ಲೇ ಇದ್ದವನು. ಪಾರ್ಟಿಯ ಕುಮಾರನ್ ಮತ್ತು ಅವನು ಒಂದೇ ಬೀಡಿಯನ್ನು ಹಂಚಿ ಸೇದುತ್ತಿದ್ದ ಗೆಳೆಯರು. ಭೂಮಾಲೀಕ ಜನ್ಮಿಯ ಹೆಚ್ಚುವರಿ ಜಮೀನಿನಲ್ಲಿ ಇಬ್ಬರೂ ಸೇರಿ ಕೆಂಪು ಬಾವುಟ ನೆಟ್ಟರು, ಇಬ್ಬರೂ ಸೇರಿ ಲಾಠಿ ಏಟು ತಿಂದರು. ಆಮೇಲೆ ಜಗಳ ಶುರುವಾಯಿತು. ದಿಲ್ಲಿಗೆ ನಮ್ಮವರನ್ನು ಕಳಿಸಿದರೆ ಭೂಮಿ ಸಿಗುತ್ತದೆ ಎಂದು ಕುಮಾರನ್. ವೋಟಿನ ಪೆಟ್ಟಿಗೆಯಿಂದ ಒಂದು ಬೊಗಸೆ ಮಣ್ಣೂ ಬರುವುದಿಲ್ಲ ಎಂದು ಗುರುಮಲ್ಲಪ್ಪ. ಒಂದು ಬೆಳಿಗ್ಗೆ ಅವನು ಕಂಬಳಿ ಹೆಗಲಿಗೇರಿಸಿ ಹೊರಟ.

"ಯಾವಾಗ ಬತ್ತೀರಿ?" ಎಂದಳು ಮಾದಮ್ಮ.

"ಬತ್ತೀನಿ ಕನ, ಬಾಗಿಲು ಹಾಕೊ."

ಹಾಕಿಕೊಂಡಳು. ಹಾಕಿಕೊಂಡದ್ದೇ ತಪ್ಪಾಯಿತೇನೋ ಎಂದು ಎಷ್ಟೋ ವರ್ಷ ಕೊರಗಿದಳು.

ಮರುವರ್ಷ ಲೋಕಸಭೆಯ ಚುನಾವಣೆ ಬಂತು. ಪಾರ್ಟಿಯವರು ಮನೆಗೆ ಎರಡು ವೋಟಿನ ಚೀಟಿ ಕೊಟ್ಟು ಹೋದರು, ಅವಳದೊಂದು, ಗಂಡನದೊಂದು. ಗಂಡನದನ್ನು ರಾಗಿ ಡಬ್ಬಿಯಲ್ಲಿಟ್ಟಳು. ವೋಟು ಬೇಡವೆಂದು ಅವನು ಹೇಳಿದ್ದು ನೆನಪಿತ್ತು. ಆದರೆ ಗುಡಿಸಲಿನ ಹತ್ತು ಸೆಂಟ್ ಜಾಗಕ್ಕೆ ಅರ್ಜಿ ಬರೆಸಿಕೊಟ್ಟ ಕುಮಾರನ ಮಾತು ತೆಗೆದುಹಾಕಲಾರದೆ ಶಾಲೆಗೆ ಹೋದಳು. ಕನ್ನಡಕದ ಅಧಿಕಾರಿ ಪಟ್ಟಿಯ ಮೇಲೆ ಬೆರಳಿಟ್ಟು ಎಲ್ಲರಿಗೂ ಕೇಳುವಂತೆ ಓದಿದ.

"ಮುನ್ನೂರ ಹನ್ನೆರಡು. ಮಾದಮ್ಮ. ಭರ್ತಾವು ಗುರುಮಲ್ಲಪ್ಪ."

ಸರ್ಕಾರದವನ ಬಾಯಲ್ಲಿ, ಹಾಡುಹಗಲಲ್ಲಿ, ಪೊಲೀಸ್ ಕಾವಲಿನಲ್ಲೇ ಆ ಹೆಸರು!

"ಕೇಳಿಸ್ನಿಲ್ಲ ಸಾರ್. ಇನ್ನೊಂದ್ ಸಲ" ಎಂದಳು. ಅಧಿಕಾರಿ ಸಿಡುಕುತ್ತ ಇನ್ನೊಮ್ಮೆ ಓದಿದ. ಕೇಳಿದಳು, ವೋಟು ಹಾಕಿದಳು, ದಾರಿಯುದ್ದಕ್ಕೂ ಅತ್ತಳು.

ಅಲ್ಲಿಂದ ಮುಂದೆ ಚುನಾವಣೆಗೆ ಅವಳಷ್ಟು ಕಾದವರು ಇಡೀ ವಯನಾಡಿನಲ್ಲಿ ಇರಲಿಕ್ಕಿಲ್ಲ, ಮಂತ್ರಿಗಳನ್ನೂ ಸೇರಿಸಿ. ಕಾಯುವುದೋ, ನಡುವೆ ಎಮರ್ಜೆನ್ಸಿ ಬಂದು ಮುಂದಿನ ಚುನಾವಣೆಗೆ ಆರು ವರ್ಷ ಹಿಡಿಯಿತು. ೧೯೭೭ರಲ್ಲಿ ಮತ್ತೆ ಅದೇ ಶಾಲೆ, ಬೇರೆ ಅಧಿಕಾರಿ. ಅವನು ಹೆಸರು ಓದಿ, ಮೇಲಿನ ಸಾಲು ನೋಡಿ, ಲೋಕಾಭಿರಾಮವಾಗಿ ಕೇಳಿದ: "ಗಂಡ ಬೆಳಿಗ್ಗೆಯೇ ಹಾಕಿ ಹೋಗಿದ್ದಾನೆ. ನೀನ್ಯಾಕೆ ಇಷ್ಟು ತಡ?"

ಮಾದಮ್ಮ ಪಾರ್ಟಿ ಏಜೆಂಟನ ಬೆಂಚಿನಲ್ಲಿದ್ದ ಕುಮಾರನ ಕಡೆ ತಿರುಗಿದಳು. ಅವನು ತನ್ನ ಪಟ್ಟಿಯಿಂದ ತಲೆ ಎತ್ತಲಿಲ್ಲ. ಗಂಡ ಬಂದಿದ್ದಾನೆ, ಪೊಲೀಸರ ಭಯಕ್ಕೆ ಯಾರೂ ಹೇಳುತ್ತಿಲ್ಲ ಎಂದುಕೊಂಡಳು. ವೋಟನ್ನು ಬೈದು ಹೋದವನು ವೋಟು ಹಾಕಲು ಬಂದಾನೆಯೇ ಎಂಬ ಯೋಚನೆ ಅವಳಿಗೆ ಬರಲಿಲ್ಲ. ಬಯಸಿ ಬಯಸಿ ಸೋತ ಮನಸ್ಸು ಅಷ್ಟೆಲ್ಲ ಯೋಚಿಸುವುದಿಲ್ಲ. ಹುರುಳಿ ಸಾರು ಕುದಿಸಿ ಮುದ್ದೆ ಕಟ್ಟಿ, ಅಗುಳಿ ಹಾಕದೆ ಮೂರು ದಿನ ಕಾದಳು. ದಿನವೂ ಹೊಸದಾಗಿ ಅಡಿಗೆ ಮಾಡಿದಳು.

ನಾಲ್ಕನೆಯ ದಿನ ಬಾಗಿಲು ತಳ್ಳಿದವನು ಕುಮಾರನ್. ಮುಚ್ಚಿಟ್ಟ ತಟ್ಟೆ ನೋಡಿ ನಿಂತಲ್ಲೇ ನಿಂತ.

"ಮಾದಮ್ಮಾ, ಅದು ಅವನಲ್ಲ" ಎಂದ, ಮಲಯಾಳ ಬೆರೆತ ತನ್ನ ಹರಕು ಕನ್ನಡದಲ್ಲಿ. "ಬೇರೆ ಆಳ್ ಕೈಲಿ ನಾನೇ ಹಾಕ್ಸಿದ್ದು. ಒಂದು ವೋಟು ವೆರುತೆ, ಸುಮ್ನೆ ಹೋಗೋದು ಬೇಡ ಅಂತ. ಕ್ಷಮಿಕ್ಕಣಂ."

ಮಾದಮ್ಮ ಮುಚ್ಚಿಟ್ಟ ತಟ್ಟೆಯನ್ನು ಅವನ ಮುಂದೆ ಸರಿಸಿದಳು.

"ಕೂತ್ಕಳಿ ಕುಮಾರೇಟ್ಟಾ. ಅವ್ರಿಗೆ ಅಂತ ಮಾಡಿದ್ದು, ಚೆಲ್ಲಕ್ಕೆ ನನ್ ಕೈಲಾಗಲ್ಲ. ಉಣ್ಣಿ."

ಅವನು ಉಂಡ. ಗೆಳೆಯನ ಪಾಲಿನ ಊಟವನ್ನು ಒಂದು ತುತ್ತೂ ಬಿಡದೆ ಉಂಡ.

೧೯೮೦ರ ಜನವರಿಯಲ್ಲಿ ಮತ್ತೆ ಲೋಕಸಭೆ. ಮಾದಮ್ಮ ಸಾಲಿನಲ್ಲಿ ಮೊದಲಿಗಳಾಗಿ ನಿಂತು ವೋಟು ಹಾಕಿ, ಮನೆಗೆ ಹೋಗದೆ ಶಾಲೆಯ ಬಾಗಿಲ ಪಕ್ಕದ ಜಗಲಿಯಲ್ಲಿ ಕೂತಳು. ಬಂದರೆ ಅವರೇ ಬರಲಿ, ಇಲ್ಲವಾದರೆ ಪಟ್ಟಿಯ ಆ ಸಾಲು ಖಾಲಿ ಇರಲಿ ಎಂಬುದು ಅವಳ ಹಟ. ಮಧ್ಯಾಹ್ನ ಪರವೂರಿನ ಒಬ್ಬ ಗಡ್ಡದವನು ಚೀಟಿ ಹಿಡಿದು ಒಳಗೆ ಹೋದ.

"ಮುನ್ನೂರ ಹನ್ನೊಂದು. ಗುರುಮಲ್ಲಪ್ಪ" ಎಂದು ಓದಿದ ಅಧಿಕಾರಿ, ಏಜೆಂಟರನ್ನು ನೋಡಿದ. "ಆಕ್ಷೇಪ ಉಂಟೋ?"

ಕುಮಾರನ್ ತಲೆ ತಗ್ಗಿಸಿದ. ಆ ಆಳನ್ನು ಕಳಿಸಿದ್ದು ಪಾರ್ಟಿಯ ಮೇಲಿನವರು. ಮಾದಮ್ಮ ಸರಸರನೆ ಒಳಗೆ ಬಂದಳು.

"ಇವ್ರು ಅವ್ರಲ್ಲ."

"ಯಾರಲ್ಲ? ಹೆಸರು ಹೇಳು."

ರೇಷನ್ ಅಂಗಡಿಯಲ್ಲಾಗಲಿ ಪಂಚಾಯತಿಯಲ್ಲಾಗಲಿ ಗಂಡನ ಹೆಸರು ಕೇಳಿದರೆ ಅವಳು ಕುಮಾರನ ಮುಖ ನೋಡುತ್ತಿದ್ದಳು, ಅವನು ಮೆಲ್ಲಗೆ ಹೇಳುತ್ತಿದ್ದ. ಇವತ್ತೂ ನೋಡಿದಳು. ಅವನ ಬಾಯಿ ಕಟ್ಟಿತ್ತು. ಗಡ್ಡದವನು ಆಗಲೇ ಮಸಿಗೆ ಬೆರಳು ಚಾಚಿದ್ದ.

"ಗುರುಮಲ್ಲಪ್ಪ" ಎಂದಳು ಮಾದಮ್ಮ. ಶಾಲೆಗೆಲ್ಲ ಕೇಳಿಸಿತು. "ನನ್ ಗಂಡ ಗುರುಮಲ್ಲಪ್ಪ. ಅವ್ರಿನ್ನೂ ಬಂದಿಲ್ಲ!"

ಗಡ್ಡದವನು ಚೀಟಿ ಬಿಟ್ಟು ಜಾರಿಕೊಂಡ. ಕುಮಾರನ್ ತನ್ನ ಪಟ್ಟಿಯಲ್ಲಿ ವೋಟಾಯಿತೆಂದು ಆ ಹೆಸರಿಗೆ ಮುಂಚೆಯೇ ಎಳೆದಿಟ್ಟಿದ್ದ ಪೆನ್ಸಿಲ್ ಗೆರೆಯನ್ನು ಹೆಬ್ಬೆರಳಿನಿಂದ ಉಜ್ಜಿ ಅಳಿಸಿದ.

ಮತ್ತೆ ಜಗಲಿಯಲ್ಲಿ ಕೂತವಳು ಎದ್ದದ್ದು ಸಂಜೆ ಗೇಟು ಹಾಕಿದ ಮೇಲೆಯೇ. ಒಮ್ಮೆ ತೆರೆದ ಬಾಯಿ ಇನ್ನು ಮುಚ್ಚಲಿಲ್ಲ. ಕಾಳುಮೆಣಸಿನ ಬಳ್ಳಿಗಳ ನಡುವೆ ನಡೆಯುತ್ತ, ಹೊಸದಾಗಿ ಮದುವೆಯಾದವಳಂತೆ ನಾಚುತ್ತ, ಹತ್ತು ವರ್ಷದ್ದನ್ನೆಲ್ಲ ಸೇರಿಸಿ ಗಂಡನ ಹೆಸರು ಕೂಗಿದಳು. ಮನೆ ದಾಟಿ ಕಾಡಿನ ಅಂಚಿನವರೆಗೂ ಹೋಗಿ ಕೂಗಿದಳು. ಓ ಎನ್ನುವವರು ಯಾರೂ ಇರಲಿಲ್ಲ.