ಕೋವಿ ಇಲ್ಲದ ಸಂಜೆಗಳು

ಚುನಾವಣೆ ಬಂತೆಂದರೆ ನಮ್ಮ ಕಡೆ ಮೊದಲು ಮನೆ ಬಿಡುವುದು ಕೋವಿ. ಲೈಸೆನ್ಸು ಇದ್ದವರೆಲ್ಲ ತಂತಮ್ಮ ಕೋವಿಯನ್ನು ಠಾಣೆಗೆ ಒಪ್ಪಿಸಿ ಬರಬೇಕು. ಗೆದ್ದವರು ಹಾರ ಹಾಕಿಸಿಕೊಂಡು ಮರೆಯಾದ ಮೇಲೆ ಪೊಲೀಸಿನವರು ಊರಿಗೆ ಬರುತ್ತಾರೆ. ಕೋವಿಯ ಯಜಮಾನ ಕುಡಿಯುತ್ತಾನೋ, ಯಾರ ಮೇಲಾದರೂ ಹಗೆ ಸಾಧಿಸುತ್ತಿದ್ದಾನೋ ಎಂದು ಅಕ್ಕಪಕ್ಕದವರನ್ನು ವಿಚಾರಿಸಿ, ಆಮೇಲೆ ವಾಪಸು ಕೊಡುತ್ತಾರೆ. ನನಗೆ ಹೆಣ್ಣು ಕೊಟ್ಟ ಮಾವನವರು ಕೂಡ ಇಷ್ಟು ವಿಚಾರಿಸಿರಲಿಲ್ಲ.

ನನ್ನದು ಅಪ್ಪನ ಕಾಲದ ಒಂಟಿ ನಳಿಗೆಯ ಕೋವಿ. ನಾನು ಮದ್ದೂರಿನ ಹೈಸ್ಕೂಲಿನಲ್ಲಿ ಮೇಷ್ಟ್ರು. ಮನೆ, ಗದ್ದೆ ಎಲ್ಲ ಮಳವಳ್ಳಿ ರಸ್ತೆಯ ಹಳ್ಳಿಯಲ್ಲಿ. ಹಿತ್ತಿಲು ದಾಟಿದರೆ ನಮ್ಮದೇ ಕಬ್ಬು. ಅದು ಎದೆಯೆತ್ತರಕ್ಕೆ ಬಂತೆಂದರೆ ಹಂದಿಗಳೂ ಬಂದವು ಎಂದೇ ಅರ್ಥ. ಸಂಜೆ ಬಸ್ಸಿಳಿದು, ಲುಂಗಿ ಸುತ್ತಿಕೊಂಡು, ಕೋವಿ ಹಿಡಿದು ಕಬ್ಬಿನ ಅಂಚಿನಲ್ಲಿ ನಿಲ್ಲುವುದು, ಗಾಳಿಗೊಂದು ಈಡು ಹೊಡೆದು ಅವನ್ನು ಬೆದರಿಸುವುದು. ಎಷ್ಟೋ ವರ್ಷಗಳಿಂದ ನನ್ನ ಸಂಜೆ ಎಂದರೆ ಇಷ್ಟೇ.

ಹೋದ ವರ್ಷ ಒಂದು ಹಂದಿಗೆ ಎಷ್ಟು ಸೊಕ್ಕು ಬಂದಿತ್ತೆಂದರೆ, ಹಿತ್ತಿಲಿಗೇ ನುಗ್ಗಿ ತುಳಸಿ ಕಟ್ಟೆಯ ಪಕ್ಕ ಸುವರ್ಣಗೆಡ್ಡೆ ಅಗೆಯುತ್ತಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಬೆದರಿಸುವ ಮಾತೇ ಬೇಡವೆಂದು ಕಬ್ಬಿನ ಅಂಚಿನಿಂದಲೇ ನೇರ ಗುರಿ ಹಿಡಿದೆ. ಬೆರಳು ಟ್ರಿಗರಿನ ಮೇಲಿತ್ತು. ಅಷ್ಟರಲ್ಲಿ ಹಿತ್ತಿಲ ಬಾಗಿಲು ತೆಗೆದು ಹೆಂಡತಿ ದೀಪ ಹಿಡಿದು ಕಟ್ಟೆಯತ್ತ ಬಂದಳು. ಹಂದಿ ಓಡಿತು, ನಾನು ಕೋವಿ ಇಳಿಸಿದೆ. ಇಳಿಸಿದ್ದು ಚೆನ್ನಾಗಿ ನೆನಪಿದೆ.

"ಇಳ್ಸೋದು ಇನ್ನೊಸಿ ತಡ ಆಗಿದ್ರೆ ನನ್ ತಿಥಿ ಊಟ ಉಣ್ತಿದ್ರಿ," ಎಂದಳು. ಇಬ್ಬರೂ ನಕ್ಕೆವು.

ಈ ಸಲದ ಚುನಾವಣೆಗೂ ಎಲ್ಲರಂತೆ ಕೋವಿ ಒಪ್ಪಿಸಿ ಬಂದೆ. ಕಾಯುವ ಕೆಲಸ ತಪ್ಪಿ ಸಂಜೆಗಳು ಖಾಲಿಯಾದವು. ಬಸ್ಸಿಳಿದು ಬಂದು, ಕಾಲು ತೊಳೆದು, ಕಾಫಿ ಕುಡಿಯುತ್ತ ಟೀವಿ ಮುಂದೆ ಕೂರುತ್ತಿದ್ದೆ. ಅಭ್ಯರ್ಥಿಗಳು ಒಬ್ಬರನ್ನೊಬ್ಬರು ಬೈದುಕೊಳ್ಳುವುದನ್ನು ಕೇಳುತ್ತಿದ್ದೆ. ಆಗ ಯಾರಾದರೂ ಕೇಳಿದ್ದರೆ ನಾನು ಹೀಗೇ ಹೇಳುತ್ತಿದ್ದೆ, ಆಣೆ ಇಟ್ಟು ಹೇಳುತ್ತಿದ್ದೆ. ಮೊಣಕೈ ತನಕ ಕಬ್ಬಿನ ಗರಿ ಗೀರಿದ ಗಾಯಗಳಿದ್ದವು ನಿಜ. ಮೇವು ಕುಯ್ಯುವಾಗ ಆಗಿರಬೇಕು ಎಂದುಕೊಂಡಿದ್ದೆ.

ಫಲಿತಾಂಶ ಬಂದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಬೀಟಿನ ಪೊಲೀಸಪ್ಪ ವಿಚಾರಣೆಗೆ ಬಂದ. ಎದುರುಮನೆಯ ಜಗಲಿಯ ಮೇಲೆ ಕೂತ. ಆ ಮನೆಯ ಹಿರಿಯರು ವರಸೆಯಲ್ಲಿ ನನಗೆ ದೊಡ್ಡಪ್ಪ. ನಮ್ಮೂರಲ್ಲಿ ವಿಚಾರಣೆ ಎಂದರೆ ಗುಟ್ಟೇನಿಲ್ಲ; ಯಾರ ಬಗ್ಗೆ ವಿಚಾರಿಸುತ್ತಾರೋ ಅವನೂ ಪಕ್ಕದಲ್ಲೇ ಕೂತಿರುತ್ತಾನೆ, ಅವನ ಮನೆಯಿಂದಲೇ ಎಲ್ಲರಿಗೂ ಕಾಫಿ ಬರುತ್ತದೆ. ಊರಿನವನ ಬಗ್ಗೆ ಪೊಲೀಸರ ಮುಂದೆ ಒಳ್ಳೆಯದನ್ನೇ ಆಡಬೇಕೆಂಬುದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಒಬ್ಬರಿಗಿಂತ ಒಬ್ಬರು ಹೆಚ್ಚು ಹೊಗಳುತ್ತಾರೆ. ನಾನೂ ಹೊಗಳಿಸಿಕೊಳ್ಳಲು ಸಿದ್ಧನಾಗಿ, ತಲೆ ಬಾಚಿಕೊಂಡು ಹೋಗಿ ಕೂತಿದ್ದೆ.

"ನಮ್ ಮೇಷ್ಟ್ರಾ? ಅಪ್ಪಟ ಚಿನ್ನ ಕಣ್ ಸಾ," ಎಂದರು ದೊಡ್ಡಪ್ಪ. "ಬೀಡಿ ಇಲ್ಲ, ಎಂಡ ಇಲ್ಲ. ಕೋವಿ ನಿಮ್ತಾವ ಇದ್ರೂ ಕಾವ್ಲು ಬುಟ್ಟವ್ರಾ? ದಿನಾ ಸಂಜ್ಗೆ ಕಬ್ಬಿನ ಅಂಚಿಗೆ ಬತ್ತಾರೆ. ಬರಿಗೈನಲ್ಲೇ ಇಂಗೆ ಗುರಿ ಇಟ್ಕಂಡು ನಿಂತ್ಕತಾರೆ. ಅಂತಾ ಜವಾಬ್ದಾರಿ!"

ಹೇಳುತ್ತಲೇ ಎಡಗೈ ಮುಂದೆ ಚಾಚಿ, ಬಲಗೈಯನ್ನು ಕೆನ್ನೆಯ ಪಕ್ಕಕ್ಕೆ ತಂದು, ಒಂದು ಕಣ್ಣು ಮುಚ್ಚಿ ತೋರಿಸಿದರು. ನಾನು ಗಟ್ಟಿಯಾಗಿ ನಕ್ಕೆ. ದೊಡ್ಡಪ್ಪ ತಮಾಷೆಯ ಮನುಷ್ಯ. ಆದರೆ ನನ್ನ ಜೊತೆ ಯಾರೂ ನಗಲಿಲ್ಲ.

"ಊಂ ಕಣ್ ಸಾ, ಡೈರಿಗೆ ಆಲು ಆಕಕ್ಕೆ ಓಗೋವಾಗ ದಿನಾ ನೋಡ್ತೀನಿ," ಎಂದಳು ದೊಡ್ಡಪ್ಪನ ಸೊಸೆ. "ಕೂಗುದ್ರೂ ತಿರುಗಾಕಿಲ್ಲ. ಅಷ್ಟು ಗ್ಯಾನ."

ಪೊಲೀಸಪ್ಪ ಬರೆಯುತ್ತಿದ್ದವನು ಪೆನ್ನು ಎತ್ತಿದ. "ಗುರಿ ಎತ್ಲಾಗೆ ಇಡ್ತಾರೆ?"

ದೊಡ್ಡಪ್ಪ ನಮ್ಮ ಮನೆಯತ್ತ ಕೈ ತೋರಿಸಿದರು. "ಇನ್ನೆತ್ಲಾಗೆ? ಓದ್ವರ್ಸ ಅಂದಿ ನುಗ್ಗಿತ್ತಲ್ಲ, ಅವ್ರ ಇತ್ತಲಿಗೇ. ತುಳಸಿ ಕಟ್ಟೆತಾವುಕ್ಕೆ."

ಆ ಹೊತ್ತಿಗೆ ಹೆಂಡತಿ ಕಾಫಿ ಲೋಟಗಳ ತಟ್ಟೆ ಹಿಡಿದು ಬಂದು ನಿಂತಿದ್ದಳು. ಪೊಲೀಸಪ್ಪ ಅವಳನ್ನು ನೋಡಿದ. "ಔದೇನಮ್ಮ?"

"ಔದು ಸಾ," ಎಂದಳು.

ಸುತ್ತ ಕೂತಿದ್ದವರೆಲ್ಲ ನನ್ನನ್ನು ಪ್ರೀತಿಯಿಂದ ನೋಡುತ್ತಿದ್ದರು. ನನಗೆ ಗೊತ್ತಿಲ್ಲದ ಒಬ್ಬನನ್ನು ಅವರೆಲ್ಲ ದಿನಾ ನೋಡಿದ್ದರು, ಮತ್ತು ಅವನು ನಾನೇ.

ಹೊರಡುವ ಮುಂಚೆ ಪೊಲೀಸಪ್ಪ ನನ್ನನ್ನು ಪಕ್ಕಕ್ಕೆ ಕರೆದ. "ಕೇಸಿಲ್ಲ, ಕುಡ್ತ ಇಲ್ಲ, ಜಗಳ ಇಲ್ಲ. ಇದುನ್ನ ಏನಂತ ಬರೀಲಿ ಮೇಷ್ಟ್ರೇ? ನಾಳೆ ಬಂದು ತಕಂಡೋಗಿ. ಆದ್ರೆ ನೀವೇ ಒಸಿ ಯೋಚ್ನೆ ಮಾಡಿ."

ಮನೆಗೆ ಬಂದು ಹೆಂಡತಿಯ ಮೇಲೆ ಹರಿಹಾಯ್ದೆ. ಹೆದರಿಕೆಯಾದಾಗ ನನಗೆ ಮೊದಲು ಬರುವುದು ಕೋಪ. "ಟೀವಿ ಮುಂದೆ ಕೂತಿರ್ತಿದ್ದೆ ಕಣೇ ನಾನು! ನೆನಪಿಲ್ವಾ ನಿಂಗೆ?"

"ಕಾಫಿ ಕುಡಿಯೋಗಂಟ ಕೂತಿರ್ತಿದ್ರಿ," ಎಂದಳು ಸಮಾಧಾನದಿಂದ. "ನಾನು ದೀಪಕ್ಕೆ ಎಣ್ಣೆ ಉಯ್ದ ತಕ್ಸಣ ಎದ್ದೋಗೋರು. ನಾನು ಕಟ್ಟೆತಾವ ದೀಪ ಇಡೋವಾಗ ನೀವು ಅಲ್ಲಿ ನಿಂತು ನನ್ನುನ್ನೇ ಗುರಿ ಇಟ್ಟಿರ್ತಿದ್ರಿ. ಆಮೇಲೆ ಕೈ ಇಳುಸಿ ಒಳಕ್ ಬಂದು ಸೀರಿಯಲ್ ಅರ್ಧ ಆಗೋಯ್ತಾ ಅಂತ ಕೇಳ್ತಿದ್ರಿ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಬರಿಗೈ ತಾನೆ ಅಂತ ಸುಮ್ಕಿದ್ದೆ," ಎಂದಳು. "ಆದ್ರೂ ಬೆನ್ ತಿರುಗ್ಸೋಕೆ ದೈರ್ಯ ಬರ್ನಿಲ್ಲ. ನಿಮ್ ಮೊಕಾನೇ ನೋಡ್ಕಂಡು ನಿಂತಿರ್ತಿದ್ದೆ, ಕೈ ಇಳ್ಸೋಗಂಟ."

ನಾನು ಕೂತುಬಿಟ್ಟೆ. ಹೋದ ವರ್ಷ ನಾನು ಕೋವಿ ಇಳಿಸಿದ್ದೆ. ಕೈಗಳು ಮಾತ್ರ ಇನ್ನೂ ಇಳಿಸಿರಲಿಲ್ಲವೇನೋ. ಕೋವಿ ಮನೆಗೆ ಬಂದರೆ ಏನಾಗುತ್ತದೆಂದು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಅವಳು ಎದ್ದು ಸೊಪ್ಪು ಬಿಡಿಸತೊಡಗಿದಳು.

ಮಾರನೆಯ ದಿನ ಸ್ಕೂಲಿಗೆ ರಜ ಹಾಕಿ ಠಾಣೆಗೆ ಹೋದೆ. ಏನು ಮಾಡಬೇಕೆಂದು ತೀರ್ಮಾನಿಸಿರಲಿಲ್ಲ ಎಂದರೆ ನಂಬಿ. ಅಪ್ಪನ ಕೋವಿ, ಬಿಟ್ಟು ಬರಲು ಮನಸ್ಸು ಒಪ್ಪುತ್ತಿರಲಿಲ್ಲ. ಇದೆಲ್ಲ ಒಂದು ಚಟ, ನಿಜವಾದ ಕೋವಿ ಕೈಗೆ ಬಂದರೆ ಬಿಟ್ಟುಹೋಗುತ್ತದೆ ಎಂದು ಬಸ್ಸಿನಲ್ಲಿ ಕೂತು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಒಳಗಿನಿಂದ ಕೋವಿ ತಂದುಕೊಟ್ಟರು. ನಳಿಗೆಯ ಕೊರಳಿಗೆ ದಾರ ಕಟ್ಟಿ ನನ್ನ ಹೆಸರಿನ ಚೀಟಿ ತೂಗಿಸಿದ್ದರು. ಕೈಗೆ ತಗೊಂಡೆ. ಹಳೆಯ ಭಾರ, ಹಳೆಯ ಎಣ್ಣೆಯ ವಾಸನೆ. ಹಾಯೆನಿಸಿತು.

"ಮೇಷ್ಟ್ರೇ."

ಯಾರೋ ಮೆಲ್ಲಗೆ ಕರೆದರು. ಠಾಣೆಯಲ್ಲಿ ಅಷ್ಟು ಹೊತ್ತು ಇದ್ದ ಮಾತು, ಫೋನು, ನಗು ಎಲ್ಲ ನಿಂತುಹೋಗಿದ್ದವು.

"ಮೇಷ್ಟ್ರೇ, ಇಳ್ಸಿ."

ಎದುರಿನ ಗೋಡೆಯಲ್ಲಿ ದೇವರ ಪಟವಿತ್ತು. ಅದರ ಮುಂದೆ ಒಬ್ಬ ಮಹಿಳಾ ಪೇದೆ ದೀಪಕ್ಕೆ ಎಣ್ಣೆ ಹಾಕುತ್ತಿದ್ದವಳು ಬೆನ್ನು ಹಾಕಿಯೇ ಕಲ್ಲಾಗಿ ನಿಂತಿದ್ದಳು. ಕೋವಿ ನನ್ನ ಭುಜದ ಮೇಲಿತ್ತು. ನನ್ನ ಒಂದು ಕಣ್ಣು ಮುಚ್ಚಿತ್ತು. ನಳಿಗೆಯ ತುದಿಯಲ್ಲಿ ನನ್ನ ಹೆಸರಿನ ಚೀಟಿ ಅಲ್ಲಾಡುತ್ತಿತ್ತು.

ಕೋವಿಯಲ್ಲಿ ತೋಟಾ ಇರಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು. ಆದರೂ ನಾನು ಅದನ್ನು ಮೇಜಿನ ಮೇಲೆ ಮಲಗಿಸುವ ತನಕ ಯಾರೂ ಉಸಿರು ಬಿಡಲಿಲ್ಲ. ಆ ಹೆಣ್ಣುಮಗಳಿಗೆ ಕೈ ಮುಗಿದು ಕ್ಷಮೆ ಕೇಳಿದೆ. ಆಮೇಲೆ ಬೀಟಿನ ಪೊಲೀಸಪ್ಪನಿಗೆ, "ಇದು ನನಗೆ ಬೇಡ, ಇಲ್ಲೇ ಇಟ್ಟುಕೊಳ್ಳಿ," ಎಂದೆ. ಲೈಸೆನ್ಸು ಒಪ್ಪಿಸಲು ಮಂಡ್ಯದ ಡಿ.ಸಿ. ಆಫೀಸಿಗೆ ಅರ್ಜಿ ಹಾಕಬೇಕಂತೆ. ಅಲ್ಲಿಗೂ ಹೋಗಿ, ಅರ್ಜಿ ಕೊಟ್ಟೇ ಬಂದೆ.

ಮನೆ ಸೇರುವಾಗ ದೀಪ ಹಚ್ಚುವ ಹೊತ್ತಾಗಿತ್ತು. ಹೆಂಡತಿ ನನ್ನ ಬರಿಗೈ ನೋಡಿದಳು.

"ಬಿಟ್ಟು ಬಂದೆ," ಎಂದೆ.

ಅವಳು ದೀಪಕ್ಕೆ ಎಣ್ಣೆ ಹುಯ್ದಳು. ನನಗೆ ಎದ್ದು ಹೋಗಬೇಕೆನಿಸಿತು. ಅದು ಮೊದಲ ಸಲ ನನಗೇ ಗೊತ್ತಾಯಿತು. ಕಾಲುಗಳು ಆಗಲೇ ಕಬ್ಬಿನತ್ತ ತಿರುಗಿದ್ದವು. ಹೋಗಿ ಹಿತ್ತಿಲ ಮೆಟ್ಟಿಲ ಮೇಲೆ ಕೂತೆ. ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ತೂರಿಸಿ, ಅವುಗಳ ಮೇಲೆ ಕೂತೆ.

ಅವಳು ಕಟ್ಟೆಯ ಮೇಲೆ ದೀಪವಿಟ್ಟು ನನ್ನನ್ನು ನೋಡಿದಳು. ತುಂಬ ಹೊತ್ತು ನೋಡಿದಳು. ಆಮೇಲೆ ನಿಧಾನವಾಗಿ ನನಗೆ ಬೆನ್ನು ತಿರುಗಿಸಿ ತುಳಸಿಗೆ ಕೈ ಮುಗಿದಳು.

ತೊಡೆಯ ಕೆಳಗೆ ನನ್ನ ಬಲಗೈಯ ಬೆರಳು ಒಮ್ಮೆ ಮಡಚಿಕೊಂಡಿತು. ನಾನು ಇನ್ನಷ್ಟು ಭಾರ ಬಿಟ್ಟು ಕೂತೆ.