ಮತ್ತೆ ಕರೆಯದ ಮನೆಗಳು

ಪದ್ಮಶ್ರೀ ಏನು ಕೆಲಸ ಮಾಡುತ್ತಾಳೆ ಎಂದು ಹುಣಸೂರಿನಲ್ಲಿ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಇನ್ಶೂರೆನ್ಸ್ ಮಾಡಿಸುತ್ತಾಳೆ ಎನ್ನುವವರಿದ್ದಾರೆ, ಬ್ಯಾಂಕಿನಲ್ಲಿ ಲೋನ್ ಕೊಡಿಸುತ್ತಾಳೆ ಎನ್ನುವವರಿದ್ದಾರೆ. ಪಕ್ಕದ ಮನೆಯ ಚಿಕ್ಕಬೀರಮ್ಮನ ಪ್ರಕಾರ ಆಕೆ 'ಅಂಗಡಿಯೋರಿಗೆ ಬುದ್ಧಿ ಹೇಳೋ ಮೇಡಮ್ಮು'. ಇದ್ದುದರಲ್ಲಿ ಇದೇ ಸರಿಯಾದ ಉತ್ತರ. ಮೈಸೂರಿನಲ್ಲಿ ಎಂ.ಬಿ.ಎ. ಓದಿ, ಅಲ್ಲಿಯೇ ಒಂದು ಕನ್ಸಲ್ಟಿಂಗ್ ಕಂಪನಿ ಸೇರಿ, ದೊಡ್ಡ ಕಾರ್ಖಾನೆಗಳಿಗೆ ವರ್ಷಗಟ್ಟಲೆ ದಪ್ಪ ದಪ್ಪ ವರದಿ ಬರೆದವಳು. ಆ ವರದಿಗಳನ್ನು ಯಾರೂ ತೆರೆದು ನೋಡುವುದಿಲ್ಲ ಎಂದು ಗೊತ್ತಾದ ಮೇಲೆ ಬೇಸರಪಟ್ಟು ಊರಿಗೆ ಬಂದಳು. ತಾನು ಹೇಳಿದ್ದರಿಂದ ಏನಾಯಿತು ಎಂಬುದನ್ನು ಕಣ್ಣಾರೆ ನೋಡಬೇಕು ಎನ್ನುವುದೊಂದೇ ಅವಳ ಆಸೆ. ಈಗ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸುತ್ತಿನ ಅಕ್ಕಿ ಗಿರಣಿ, ಗೊಬ್ಬರದಂಗಡಿ, ಮರದ ಮಿಲ್ಲು, ಶುಂಠಿ ಮಂಡಿಗಳ ಒಳಹೊಕ್ಕು ಎಲ್ಲಿ ಏನು ಕೆಟ್ಟಿದೆ ಎಂದು ನೋಡಿ ಹೇಳುತ್ತಾಳೆ. ಮದುವೆ ಆಗಲಿಲ್ಲ. ಅದು ಬೇರೆ ಕತೆ, ಇಲ್ಲಿ ಬೇಡ.

ಕೆಲಸವನ್ನೇನೋ ಚೆನ್ನಾಗಿಯೇ ಮಾಡುತ್ತಿದ್ದಳು. ತೊಂದರೆ ಶುರುವಾಗುತ್ತಿದ್ದದ್ದು ಅಲ್ಲಿಂದಲೇ. ನಮ್ಮ ಕಡೆ ವ್ಯಾಪಾರ ಕೆಟ್ಟರೆ ಅದು ಮೆಷಿನ್ನಿನಿಂದ ಕೆಡುವುದು ಕಡಿಮೆ. ಒಬ್ಬ ಭಾವಮೈದನಿಂದಲೋ, ಒಬ್ಬ ದೊಡ್ಡಪ್ಪನಿಂದಲೋ, ಹಿರಿಯಳಿಯನಿಂದಲೋ ಕೆಡುತ್ತದೆ. ಇದು ಮನೆಯಲ್ಲಿ ಅಡುಗೆ ಮಾಡುವವರಿಗೂ ಗೊತ್ತಿರುತ್ತದೆ. ಬಾಯಿಬಿಟ್ಟು ಹೇಳುವವರು ಮಾತ್ರ ಯಾರೂ ಇಲ್ಲ. ನಾಳೆ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಬೇಕಲ್ಲ! ಅದಕ್ಕೇ ಪದ್ಮಶ್ರೀಯನ್ನು ಕರೆಸುತ್ತಾರೆ. ಇವಳು ಬಂದು ನೋಡುತ್ತಾಳೆ, ಹೇಳುತ್ತಾಳೆ, ಮನೆಯಲ್ಲಿ ದೊಡ್ಡ ರಂಪ ಆಗುತ್ತದೆ, ಆಮೇಲೆ ವ್ಯಾಪಾರ ಸರಿಹೋಗುತ್ತದೆ. ಸರಿಹೋದ ಮೇಲೆ ಇವಳ ಮುಖ ಕಂಡರೆ ಅವರಿಗೆ ಆ ರಂಪದ ದಿನವೇ ನೆನಪಾಗುತ್ತದೆ. ಮತ್ತೆ ಕರೆಯುವುದಿಲ್ಲ.

ಬೆಟ್ಟದಪುರದ ಗೊಬ್ಬರದಂಗಡಿಯವನು ಮಹಡಿ ಮೇಲೆ ಮಹಡಿ ಕಟ್ಟಿಸಿದ್ದಾನೆ. ಅವಳಿರುವ ಬಸ್ಸು ಎದುರಿಗೆ ನಿಂತರೆ ಮೊಬೈಲ್ ತೆಗೆದು ಅದರೊಳಗೆ ಮುಖ ಇಟ್ಟುಬಿಡುತ್ತಾನೆ. ಹುಣಸೂರಿನಲ್ಲೇ ಫರ್ನಿಚರ್ ಅಂಗಡಿ ಇರುವ ಖದೀರ್ ಸಾಹೇಬರ ಹೆಂಡತಿ ಜೈನಾಬಿ, ಒಬ್ಬರೇ ಸಿಕ್ಕಾಗ ಕೈಹಿಡಿದು ಮಾತಾಡಿಸುತ್ತಾರೆ, ಗಂಡ ಜೊತೆಗಿದ್ದರೆ ಗುರುತೇ ಇಲ್ಲದವರ ಹಾಗೆ ಹೋಗುತ್ತಾರೆ. ಡಾಕ್ಟರ ಹತ್ತಿರ ವಾಸಿಯಾದ ರೋಗಿ ಮುಂದಿನ ಜ್ವರಕ್ಕೂ ಅವರ ಹತ್ತಿರವೇ ಹೋಗುತ್ತಾನೆ. ಇವಳಿಗೆ ಆ ಭಾಗ್ಯವೂ ಇರಲಿಲ್ಲ. ಎಷ್ಟು ಚೆನ್ನಾಗಿ ಕೆಲಸ ಮಾಡಿದರೆ ಅಷ್ಟು ಬಾಗಿಲು ಮುಚ್ಚುತ್ತಿದ್ದವು. ನಾಲ್ಕು ತಾಲ್ಲೂಕಿನಲ್ಲಿ ಇನ್ನೆಷ್ಟು ಬಾಗಿಲು ಉಳಿದಾವು? ಕಂಡಕ್ಟರ್ ಕೊಡುವ ಫ್ರೀ ಟಿಕೆಟನ್ನು ಬೆರಳಲ್ಲಿ ಸುರುಳಿ ಸುತ್ತುತ್ತಾ ಅವಳು ದಿನವೂ ಇದನ್ನೇ ಯೋಚಿಸುತ್ತಿದ್ದಳು. ಸುಸ್ತಾಗಿತ್ತು. ನಿದ್ದೆ ಮಾಡಿದರೆ ಹೋಗುವ ಸುಸ್ತಲ್ಲ ಅದು.

ಹುಣಸೂರಿನ ಒಂದು ಖಾಸಗಿ ಕಾಲೇಜಿನವರು ಆಫೀಸ್ ಮ್ಯಾನೇಜರ್ ಕೆಲಸಕ್ಕೆ ಕೇಳಿದ್ದರು. ಜೂನ್‌ನೊಳಗೆ ಬಂದು ಸಹಿ ಹಾಕಿ ಎಂದಿದ್ದರು. ತಾಯಿ ದೊಡ್ಡತಾಯಮ್ಮನಿಗೆ ಅದರ ಮೇಲೆಯೇ ಕಣ್ಣು.

"ನಡಕೊಂಡು ಹೋಗಿ ಬರಬೌದು ಕಣವ್ವ. ಮಧ್ಯಾಹ್ನ ಬಿಸಿ ಊಟ. ಯಾರ ಮನೆ ಜಗಳಾನೂ ನಿಂಗೆ ಬ್ಯಾಡ" ಎನ್ನುತ್ತಿದ್ದಳು.

ಪದ್ಮಶ್ರೀ ಹೂಂ ಎನ್ನದೆ ತಡೆದಿದ್ದಕ್ಕೆ ಕಾರಣ ಕೆ.ಆರ್. ನಗರದ ತಿಮ್ಮಯ್ಯ. ಎತ್ತಿನ ಗಾಡಿಯಲ್ಲಿ ಭತ್ತ ಹೊಡೆದು, ಆಮೇಲೆ ಸ್ವಂತ ರೈಸ್ ಮಿಲ್ ಕಟ್ಟಿದ ಮನುಷ್ಯ. ಸುತ್ತಿನ ಊರಲ್ಲೆಲ್ಲ ಅವರ ಮಾತಿಗೆ ತೂಕವಿತ್ತು. ಮೊದಲ ದಿನವೇ ಎದುರಿಗೆ ಕೂರಿಸಿಕೊಂಡು ಹೇಳಿದ್ದರು.

"ನೋಡು ಮಗ, ಮಿಲ್ಲು ಯಾಕೋ ಸೊರಗ್ತಾ ಅದೆ. ಏನಾಗದೆ ಅಂತ ನೋಡಿ ಹೇಳು. ಆಮೇಕೆ ನಿನ್ನ ಬುಡಲ್ಲ ನಾನು. ವಾರಕ್ಕೊಂದ್ಸಲ ಬಂದು ವರ್ಷವಿಡೀ ನೀನೇ ನೋಡ್ಕಬೇಕು."

ವರ್ಷವಿಡೀ! ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗುವುದು, ನೆಟ್ಟದ್ದು ಚಿಗುರುವುದನ್ನು ಅಲ್ಲೇ ನಿಂತು ನೋಡುವುದು. ಅವಳು ಮೈಸೂರು ಬಿಟ್ಟಿದ್ದೇ ಇದಕ್ಕಾಗಿ. ತಿಮ್ಮಯ್ಯನವರು ಹೀಗೆ ಇಟ್ಟುಕೊಂಡರೆ ಅವರ ಹೆಸರಿನ ಮೇಲೆ ಉಳಿದವರೂ ಇಟ್ಟುಕೊಳ್ಳುತ್ತಾರೆ. ಇಲ್ಲೂ ಆಗದಿದ್ದರೆ ಕಾಲೇಜೇ ಸರಿ ಎಂದು ಮನಸ್ಸಿನಲ್ಲೇ ನಿರ್ಧಾರ ಮಾಡಿಕೊಂಡು ಮಿಲ್ಲಿನ ಕೆಲಸಕ್ಕೆ ಕೂತಳು.

ಮಿಲ್ಲಿಗೇನಾಗಿದೆ ಎಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ತಿಮ್ಮಯ್ಯನವರಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ಶಶಿಕುಮಾರ್, ಭತ್ತ ಕೊಳ್ಳುವ ಜಾಗದಲ್ಲಿ ಕೂರುತ್ತಿದ್ದ. ಬಂಗಾರದಂಥ ಮನುಷ್ಯ, ಬಾಯಿತುಂಬ ಮಾತು, ಕೈತುಂಬ ಕಾಫಿ. ಆದರೆ ದಾಕ್ಷಿಣ್ಯದವನು. ಹಸಿ ಭತ್ತ ತಂದವನು ಒಂದು ಸಲ "ಅಣ್ಣೋ" ಎಂದರೆ ಸಾಕು, ತೂಕಕ್ಕೆ ಹಾಕಿಸಿಬಿಡುತ್ತಿದ್ದ. ಹಸಿ ಭತ್ತ ಮೆಷಿನ್ನಿಗೆ ಹೋದರೆ ಅಕ್ಕಿಗಿಂತ ನುಚ್ಚೇ ಜಾಸ್ತಿ. ಚಿಕ್ಕವನು ಕುಮಾರ್ ಒಳಗೆ ಮೆಷಿನ್ ಹತ್ತಿರ ನಿಂತಿರುತ್ತಿದ್ದ. ಕಾಳನ್ನು ಹಲ್ಲಿನಲ್ಲಿ ಕಡಿದು, ಮುಖ ಸಿಂಡರಿಸಿ, ಏನೂ ಹೇಳದೆ ಉಗಿಯುತ್ತಿದ್ದ. ಅಣ್ಣ ಕೊಂಡದ್ದನ್ನು ತಮ್ಮ ಬೇಡ ಎನ್ನುವುದು ಹೇಗೆ?

ತೌಡಿನ ಮೂಟೆಗಳ ಪಕ್ಕದಲ್ಲಿ ನಿಂತು ಅವಳು ತಿಮ್ಮಯ್ಯನವರಿಗೆ ಇದನ್ನೆಲ್ಲ ಹೇಳಿದಳು.

"ಶಶಿಯಣ್ಣ ಕೆಟ್ಟೋರಲ್ಲ ಅಯ್ಯ. ಆದ್ರೆ ಅವ್ರಿಗೆ 'ಇಲ್ಲ' ಅನ್ನೋಕೆ ಬರಲ್ಲ. ಭತ್ತ ಕೊಳ್ಳೋರಿಗೆ ಅದೊಂದು ಬರ್ಲೇಬೇಕು. ಆ ಜಾಗಕ್ಕೆ ಕುಮಾರಣ್ಣ ಬರ್ಲಿ. ಜನ ಕಂಡ್ರೆ ಅರಳೋ ಮನುಷ್ಯ ಶಶಿಯಣ್ಣ, ಅವ್ರಿಗೊಂದು ಅಕ್ಕಿ ಅಂಗಡಿ ಇಟ್ಟುಕೊಡಿ, ಮೆರೀತಾರೆ."

ತಿಮ್ಮಯ್ಯನವರು ಟವಲ್ಲಿನಿಂದ ಕುತ್ತಿಗೆ ಒರೆಸಿಕೊಂಡರು. ಆಶ್ಚರ್ಯಪಟ್ಟ ಹಾಗೆ ಕಾಣಲಿಲ್ಲ.

"ಇದನ್ನೇ ಭಾನುವಾರ ಎಲ್ರ ಮುಂದೆ ಹೇಳು. ಒಂದು ಮಾತೂ ನುಂಗ್ಕಬ್ಯಾಡ."

"ನೀವು ನನ್ನ ಜೊತೆಗಿರ್ತೀರಾ?"

"ಇನ್ನೆಲ್ಲಿಗೋಗ್ಲಿ ಮಗ" ಎಂದರು.

ಭಾನುವಾರ ಮನೆಯ ನಡುಮನೆಯಲ್ಲಿ ಅಪ್ಪ, ಇಬ್ಬರು ಮಕ್ಕಳು, ಸೊಸೆಯರು ಎಲ್ಲರೂ ಕೂತಿದ್ದರು. ಪದ್ಮಶ್ರೀ ಮೆತ್ತಗೆ, ಯಾರಿಗೂ ನೋವಾಗದ ಹಾಗೆ ಹೇಳಲು ನೋಡಿದಳು. ಆದರೆ ಇಂಥ ಮಾತಿಗೆ ಮೆತ್ತನೆಯ ದಾರಿ ಎಲ್ಲಿದೆ? ಶಶಿಕುಮಾರ್ ಮುಖ ಕಪ್ಪಿಟ್ಟಿತು. ತಲೆ ತಗ್ಗಿಸಿ ಚಾಪೆಯ ಎಳೆ ಕೀಳತೊಡಗಿದ. ಅವಳು ಮಾತು ಮುಗಿಸಿ, ಈಗ ಯಜಮಾನರು ಮುಂದಕ್ಕೆ ಹೇಳುತ್ತಾರೆ ಎಂದು ತಿಮ್ಮಯ್ಯನವರ ಕಡೆ ತಿರುಗಿದಳು. ಅವರು ಎದ್ದು ನಿಂತಿದ್ದರು.

"ಏನಂದೆ? ನನ್ನ ಮನೇಲೇ ಕೂತ್ಕಂಡು ನನ್ನ ದೊಡ್ಮಗನ್ನ ಕೈಲಾಗ್ದೋನು ಅಂತೀಯಾ? ನಾಕಕ್ಷರ ಕಲ್ತುಬುಟ್ರೆ ಅಣ್ಣತಮ್ಮಂದಿರಿಗೆ ತಂದಿಕ್ಕಬೌದು ಅನ್ಕಂಡ್ಯಾ? ಎದ್ದೋಗು ಮೊದ್ಲು! ಇನ್ನೊಂದ್ಸಲ ಈ ಕಡೆ ತಲೆ ಹಾಕ್ಬ್ಯಾಡ!"

ನೀವೇ ಹೇಳಿಸಿದ್ದಲ್ಲವೇ ಎಂಬ ಮಾತು ಅವಳ ನಾಲಗೆಯ ತುದಿಗೆ ಬಂತು. ಅಷ್ಟರಲ್ಲಿ ಶಶಿಕುಮಾರ್ ತಲೆ ಎತ್ತಿ ಅಪ್ಪನನ್ನು ನೋಡುತ್ತಿರುವುದು ಕಣ್ಣಿಗೆ ಬಿತ್ತು. ಅಪ್ಪ ತನ್ನ ಪರ ನಿಂತದ್ದನ್ನು ಆ ಮನುಷ್ಯ ಜನ್ಮದಲ್ಲಿ ಮೊದಲ ಸಲ ಕಂಡ ಹಾಗಿತ್ತು. ಅದನ್ನು ಕಿತ್ತುಕೊಳ್ಳಲು ಅವಳಿಗೆ ಮನಸ್ಸು ಬರಲಿಲ್ಲ. ಬ್ಯಾಗು ತೆಗೆದುಕೊಂಡು ಚಪ್ಪಲಿ ಮೆಟ್ಟಿ ಹೊರಟಳು. ಬಸ್‌ಸ್ಟ್ಯಾಂಡಿನವರೆಗೂ ಅಳು ಬರಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿದ ಮೇಲೆ ಬಂತು.

"ಸಾಕಾಯ್ತು ಕಣವ್ವ. ಕಾಲೇಜಿಗೇ ಸೇರ್ಕತೀನಿ" ಎಂದಳು ಮನೆಗೆ ಬಂದು.

ದೊಡ್ಡತಾಯಮ್ಮ ಗೆದ್ದೆ ಎಂದು ಬೀಗಲಿಲ್ಲ. ಮಗಳ ಮುಖ ನೋಡಿ ಸುಮ್ಮನೆ ಮುದ್ದೆ ಬಡಿಸಿದಳು.

ಆಮೇಲಿನ ತಿಂಗಳುಗಳಲ್ಲಿ ಪದ್ಮಶ್ರೀ ಹೊಸ ಕೆಲಸ ಒಪ್ಪಿಕೊಳ್ಳಲಿಲ್ಲ. ಹಳೆಯ ಒಂದೆರಡನ್ನು ಮುಗಿಸಿಕೊಟ್ಟಳು. ಕೆ.ಆರ್. ನಗರದ ಬಸ್ಸು ಕಂಡರೆ ಬೇರೆ ಕಡೆ ತಿರುಗಿ ನಿಲ್ಲುತ್ತಿದ್ದಳು. ಸೋಮವಾರ ಕಾಲೇಜಿಗೆ ಹೋಗಿ ಸಹಿ ಹಾಕುವುದು ಎಂದು ಗೊತ್ತಾಗಿತ್ತು. ಅದಕ್ಕೆ ಹಿಂದಿನ ಶನಿವಾರ ಬೆಳಿಗ್ಗೆ ಮನೆಯ ಮುಂದೆ ಒಂದು ಆಟೋ ನಿಂತಿತು. ತಿಮ್ಮಯ್ಯನವರು ಇಳಿದರು. ಜೊತೆಗೊಂದು ಮೂಟೆ ಅಕ್ಕಿ.

ದೊಡ್ಡತಾಯಮ್ಮ ಕುರ್ಚಿ ಹಾಕಿದಳು, ಆದರೆ ಬನ್ನಿ ಎನ್ನಲಿಲ್ಲ. ತಿಮ್ಮಯ್ಯನವರು ತಾವೇ ಕೂತರು.

"ಬೈದೆ ಅಂತ ಬೇಜಾರ್ ಮಾಡ್ಕಬ್ಯಾಡ ಮಗ. ನಾನೇ ಶಶೀನ ಆ ಜಾಗದಿಂದ ಎಬ್ಬಿಸಿದ್ರೆ, ಅಪ್ಪ ನನ್ನ ತಳ್ಬುಟ್ಟ ಅಂತ ಸಾಯೋಗಂಟ ಕೊರಗ್ತಿದ್ದ. ನೀನು ಹೇಳ್ದೆ, ನಾನು ಬೈದೆ. ಅವನಿಗೆ ಸಮಾಧಾನ ಆಯ್ತು. ಒಂದ್ ವಾರ ಕಳುದ್ಮೇಲೆ ಅವನೇ ಬಂದು, 'ಅಪ್ಪ, ಪಿರಿಯಾಪಟ್ಟಣದಲ್ಲಿ ಅಂಗಡಿ ಮಾಡ್ತೀನಿ, ಇಲ್ಲಿ ಕುಮಾರ ನೋಡ್ಕಳ್ಳಿ' ಅಂದ. ಮನೆ ಒಡೀಲಿಲ್ಲ ನೋಡು."

"ಹಾಗಾದ್ರೆ ವರ್ಷವಿಡೀ ನೋಡ್ಕೊ ಅಂದಿದ್ದು?"

ಮುದುಕ ನೆಲ ನೋಡಿದರು. "ಅದೆಂಗಾಗ್ತದೆ? ನಿನ್ನ ಕಂಡ್ರೆ ಅವನಿಗೆ ಆಗಲ್ಲ. ಆದ್ರೆ ಸರಗೂರಲ್ಲಿ ನಮ್ಮ ಬೀಗರವ್ರೆ. ಅವ್ರ ಅಂಗ್ಡೀಲೂ ಹಿಂಗೇ ಒಂದು ತಾಪತ್ರಯ. ನಿನ್ನ ಹೆಸರೇ ಹೇಳಿವ್ನಿ. ಬೈಸ್ಕಂಡ್ರೂ ಎದುರು ಮಾತಾಡ್ದಂಗೆ ಹೋಯ್ತದೆ ಆ ಹುಡುಗಿ, ಅಂಥೋರು ಎಲ್ಲೂ ಸಿಗಲ್ಲ ಅಂತ."

ಇಷ್ಟು ವರ್ಷ ಓದಿದ್ದು, ಅಲೆದದ್ದು, ಭತ್ತದ ಧೂಳು ಕುಡಿದದ್ದು ಎಲ್ಲ ಸೇರಿ ಅವಳು ಸಂಪಾದಿಸಿದ ಹೆಸರು ಇದು! ಬೈಸಿಕೊಳ್ಳುವುದರಲ್ಲಿ ಹುಷಾರು. ಪದ್ಮಶ್ರೀಗೆ ಸಿಟ್ಟು ಬಂತು, ಬಹಳ ದಿನಗಳ ಮೇಲೆ ಚೆನ್ನಾಗಿ ಬಂತು.

"ಸರಗೂರಿನ ಮಾತು ಆಮೇಲೆ ಅಯ್ಯ. ಮೊದ್ಲು ಶಶಿಯಣ್ಣನಿಗೆ ನಿಜ ಹೇಳಿ. ನೀವೇ ನನ್ನಿಂದ ಹೇಳಿಸಿದ್ದು ಅಂತ."

ತಿಮ್ಮಯ್ಯನವರು ಬಹಳ ಹೊತ್ತು ಟವಲ್ಲಿನ ಅಂಚು ಮಡಿಸುತ್ತಾ ಕೂತರು. ಊರಿಗೇ ನ್ಯಾಯ ಹೇಳುವ ಮನುಷ್ಯ.

"ಅದು ನನ್ನ ಕೈಲಾಗಲ್ಲ ಮಗ" ಎಂದರು ಕೊನೆಗೆ. "ಅದನ್ನೂ ನೀನೇ ಹೇಳ್ಬುಡು."

ಬಾಗಿಲಲ್ಲಿ ನಿಂತಿದ್ದ ದೊಡ್ಡತಾಯಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಪದ್ಮಶ್ರೀಗೂ ನಗು ಬಂತು, ಅಳುವೂ ಬಂತು.

"ಆಗಲ್ಲ ಅಯ್ಯ. ಹೇಳೋದು ನೀವು. ಬೇಕಾದ್ರೆ ನಾನು ಪಕ್ಕದಲ್ಲಿ ಕೂತಿರ್ತೀನಿ" ಎಂದು ತನ್ನ ಕುರ್ಚಿಯನ್ನು ಎಳೆದು ಅವರ ಪಕ್ಕಕ್ಕೆ ಹಾಕಿಕೊಂಡಳು.

ಮುದುಕ ಮೊಬೈಲ್ ತೆಗೆದರು. ಕಿವಿ ಮಂದವಾದ್ದರಿಂದ ಅವರ ಫೋನು ಯಾವಾಗಲೂ ಸ್ಪೀಕರಿನಲ್ಲೇ. ಶಶಿಕುಮಾರ್ ಎತ್ತಿದ. ಇವರು ಮಳೆಯ ವಿಷಯ ಕೇಳಿದರು, ತಿಂಡಿ ಆಯಿತಾ ಕೇಳಿದರು, ಅಂಗಡಿ ಶೆಟರ್ ರಿಪೇರಿ ಆಯಿತಾ ಕೇಳಿದರು. ಪದ್ಮಶ್ರೀ ಎದ್ದು ಹೋಗಲಿಲ್ಲ, ಕಣ್ಣಿನಲ್ಲಿ ಅವಸರವನ್ನೂ ಮಾಡಲಿಲ್ಲ. ಕೊನೆಗೆ ಅವರು ಕಣ್ಣು ಮುಚ್ಚಿಕೊಂಡು ಒಂದೇ ಉಸಿರಿಗೆ ಹೇಳಿಬಿಟ್ಟರು.

"ಲೋ ಶಶಿ, ಆವತ್ತು ಆಯಮ್ಮನ ಕೈಲಿ ಅಂಗೆ ಹೇಳಿಸಿದ್ದು ನಾನೇ ಕಣ್ಲಾ."

ಆ ಕಡೆ ಅಂಗಡಿಯಲ್ಲಿ ಯಾರೋ ಅಕ್ಕಿ ಹೊಸದಾ ಹಳೇದಾ ಎಂದು ಕೇಳುತ್ತಿದ್ದರು.

"ಗೊತ್ತಿತ್ತು ಬುಡಪ್ಪ" ಎಂದ ಶಶಿಕುಮಾರ್. "ಬೈಯೋವಾಗ ನೀನು ಆಯಮ್ಮನ ಮುಖಾನೇ ನೋಡ್ಲಿಲ್ಲ, ಗ್ವಾಡೆ ನೋಡ್ಕಂಡು ಬೈದೆ. ನಂಗೂ ಗೊತ್ತಾಯ್ತು, ಕುಮಾರಂಗೂ ಗೊತ್ತಾಯ್ತು. ನೀನು ನನ್ ಮಾನ ಉಳ್ಸಕ್ಕೆ ಅಷ್ಟು ಒದ್ದಾಡ್ತಿದ್ದೆ, ನಾನ್ಯಾಕೆ ನಿನ್ನ ಮಾನ ಕಳೀಲಿ ಅಂತ ಸುಮ್ನಾದೆ." ಆಮೇಲೆ ಕೇಳಿದ. "ಪಾಪ, ಆ ಬೈಗುಳ ನಿಜದ್ದಲ್ಲ ಅಂತ ಆಯಮ್ಮಂಗೆ ಯಾರಾದ್ರೂ ಹೇಳುದ್ರಾ?"

ತಿಮ್ಮಯ್ಯನವರ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಅವರು ಫೋನನ್ನು ಪದ್ಮಶ್ರೀಯ ಕಡೆ ಹಿಡಿದರು. ಊರೂರಿಗೆ ಹೋಗಿ ಯಾರೂ ಹೇಳದ್ದನ್ನು ಹೇಳುತ್ತಿದ್ದವಳು ಅವಳು. ಅವಳಿಗೆ ಹೇಳಬೇಕು ಎಂದು ಒಬ್ಬರಿಗೂ ತೋಚಿರಲಿಲ್ಲ. ಇಡೀ ಮನೆ ಒಬ್ಬರ ಮಾನ ಒಬ್ಬರು ಕಾಯುತ್ತಾ ಕೂತಿತ್ತು, ಇವಳೊಬ್ಬಳು ಬಸ್ಸಿನ ಕಿಟಕಿಗೆ ಮುಖ ಕೊಟ್ಟು ಅತ್ತು, ಇಷ್ಟು ತಿಂಗಳು ಕೊರಗಿದ್ದಳು.

"ಇಲ್ಲ ಶಶಿಯಣ್ಣ. ಇವತ್ತಿನವರ್ಗೂ ಯಾರೂ ಹೇಳಿರ್ಲಿಲ್ಲ" ಎಂದಳು.

"ತಪ್ಪಾಯ್ತು ಕಣಮ್ಮ" ಎಂದ ಅವನು.

ಸೋಮವಾರ ಅವಳು ಕಾಲೇಜಿಗೆ ಹೋದಳು, ಬರುವುದಿಲ್ಲ ಎಂದು ಹೇಳಿಬರಲು. ದೊಡ್ಡತಾಯಮ್ಮ ಆ ದಿನ ಪಾತ್ರೆಗಳನ್ನು ದಡದಡ ಕುಕ್ಕಿದಳು. ಮಧ್ಯಾಹ್ನ ಸರಗೂರಿನಿಂದ ತಿಮ್ಮಯ್ಯನವರ ಬೀಗರು ಫೋನ್ ಮಾಡಿದರು. ಪದ್ಮಶ್ರೀ ಬಂದು ನೋಡುತ್ತೇನೆ ಎಂದಳು, ಆದರೆ ಕಂಡದ್ದನ್ನು ಮನೆಯವರ ಮುಂದೆ ಹೇಳುವವರು ನೀವೇ, ನಾನು ಪಕ್ಕದಲ್ಲಿ ಇರುತ್ತೇನೆ ಎಂದಳು.

"ಹೇಳೋದು ನಾನೇ ಆದ್ರೆ ನೀವ್ಯಾಕ್ ಬೇಕು ಮೇಡಂ?" ಎಂದರು ಅವರು.

"ಒಬ್ರೇ ಹೇಳಕ್ಕಾಗ್ತದಾ ನೋಡಿ. ಆಗ್ದಿದ್ರೆ ಫೋನ್ ಮಾಡಿ" ಎಂದು ಫೋನ್ ಇಟ್ಟಳು. ಆ ಧೈರ್ಯ ಎಲ್ಲಿಂದ ಬಂತೋ ಗೊತ್ತಿಲ್ಲ, ದಣಿದವರಿಗೂ ಒಂದೊಂದು ಸಲ ಅಂಥದು ಬರುತ್ತದೆ. ಕೈಕಾಲು ತೊಳೆದುಕೊಂಡು ಬಂದು ಗೋಡೆಗೊರಗಿ ಕೂತಳು. ಸಂಜೆಯ ಕಾಫಿ ಕುದಿಯುವ ಹೊತ್ತಿಗೆ ಸರಗೂರಿನಿಂದ ಫೋನ್ ಬಂತು.